ಅರಿವಿನ ಹಂಬಲಕ್ಕೂ ಎಲ್ಲೆಯುಂಟೆ?

ಅರಿಯಬೇಕೆಂಬ ಹಂಬಲವನ್ನು ನಾವು ಸದ್ಗುಣಗಳ ಸಾಲಿನಲ್ಲಿ ಇರಿಸುತ್ತೇವೆ. ಹಣದಾಸೆಗೆ ಮಿತಿ ಬೇಕು, ಅಧಿಕಾರದಾಸೆಗೆ ಕಡಿವಾಣ ಬೇಕು ಎನ್ನುವ ನಾವು ಜ್ಞಾನದಾಹಕ್ಕೆ ಮಾತ್ರ ಯಾವ ಕಟ್ಟನ್ನೂ ವಿಧಿಸುವುದಿಲ್ಲ. ಆದರೆ ಆ ದಾಹವು ಇನ್ನೊಬ್ಬ ಮನುಷ್ಯನ ಮನೆಬಾಗಿಲಿಗೆ ಬಂದು ನಿಂತಾಗ ಏನಾಗುತ್ತದೆ? ಉತ್ತರ ಧ್ರುವದ ಅನ್ವೇಷಣೆಯ ಚರಿತ್ರೆಯಲ್ಲಿ ಈ ಪ್ರಶ್ನೆಯನ್ನು ಎತ್ತಿದವನು ಒಬ್ಬ ಬಾಲಕ. ಅವನ ಹೆಸರು ಮಿನಿಕ್.

ಅಮೆರಿಕದ ನೌಕಾಪಡೆಯ ರಾಬರ್ಟ್ ಪಿಯರಿ ಉತ್ತರ ಧ್ರುವವನ್ನು ಮುಟ್ಟಲೆಂದು ವರ್ಷಾನುಗಟ್ಟಲೆ ಹೆಣಗಿದವನು. ಆತನಿಗೆ ತುಪ್ಪಳದ ಉಡುಪು ಹೊಲಿದುಕೊಟ್ಟವರು, ನಾಯಿಗಳು ಎಳೆಯುವ ಜಾರುಬಂಡಿಗಳನ್ನು ನಡೆಸಿದವರು, ಬೇಟೆಯಾಡಿ ಉಣಿಸಿದವರು ಗ್ರೀನ್‌ಲೆಂಡಿನ ವಾಯವ್ಯ ತೀರದ ಇನೂಯಿಟ್ ಜನ. ನಮ್ಮ ಪಾಠಪುಸ್ತಕಗಳಲ್ಲಿ ಎಸ್ಕಿಮೊಗಳೆನಿಸಿಕೊಂಡವರು. 1897ರಲ್ಲಿ ಪಿಯರಿ ಅಲ್ಲಿಂದ ಸುಮಾರು 31 ಟನ್ ತೂಕದ ಕಬ್ಬಿಣದ ಉಲ್ಕಾಶಿಲೆಯೊಂದನ್ನು ನ್ಯೂಯಾರ್ಕಿಗೆ ಸಾಗಿಸಿದ. ಆ ತೀರದ ಉಲ್ಕೆಗಳಿಂದ ಚೂರು ಚೂರಾಗಿ ಕಬ್ಬಿಣವನ್ನು ಬಡಿದು ತೆಗೆದು ಅಲ್ಲಿನ ಜನ ಶತಮಾನಗಳಿಂದ ಚೂರಿಗಳನ್ನು, ಈಟಿಯ ಮೊನೆಗಳನ್ನು ಮಾಡಿಕೊಂಡಿದ್ದರು. ಅದೇ ಹಡಗಿನಲ್ಲಿ ಆರು ಮಂದಿ ಇನೂಯಿಟರೂ ಬಂದರು. ಅಲ್ಲಿನ ಪ್ರಾಕೃತಿಕ ಇತಿಹಾಸದ ವಸ್ತುಸಂಗ್ರಹಾಲಯದ ವಿದ್ವಾಂಸ ಫ್ರಾಂಜ್ ಬೋವಾಸ್ ಅಧ್ಯಯನಕ್ಕಾಗಿ ಒಬ್ಬನನ್ನು ಕರೆತರುವಂತೆ ಕೇಳಿದ್ದ. ಬಂದವರು ಆರು.

ಅವರನ್ನು ಸಂಗ್ರಹಾಲಯದ ನೆಲಮಾಳಿಗೆಯಲ್ಲಿ ಇರಿಸಲಾಯಿತು. ನಗರದ ರೋಗಗಳಿಗೆ ಅವರ ದೇಹ ಒಗ್ಗಿರಲಿಲ್ಲ. ಕೆಲವೇ ತಿಂಗಳುಗಳಲ್ಲಿ ನಾಲ್ವರು ತೀರಿಕೊಂಡರು. ಒಬ್ಬ ಯುವಕ ಊರಿಗೆ ಮರಳಿದ. ಉಳಿದವನು ಆರೇಳು ವರ್ಷದ ಮಿನಿಕ್. ಮೊದಲು ಸತ್ತವನು ಅವನ ತಂದೆ ಕಿಸುಕ್, 1898ರ ಫೆಬ್ರವರಿಯಲ್ಲಿ. ತಂದೆಯನ್ನು ತಮ್ಮವರ ಪದ್ಧತಿಯಂತೆ ಮಣ್ಣು ಮಾಡಬೇಕೆಂದು ಮಗು ಬಯಸಿತು. ಸಂಗ್ರಹಾಲಯದವರು ಮರದ ದಿಮ್ಮಿಯೊಂದಕ್ಕೆ ತುಪ್ಪಳ ಸುತ್ತಿ, ಮೇಲೆ ಕಲ್ಲುಗಳನ್ನು ಪೇರಿಸಿ, ಹುಡುಗನ ಕಣ್ಣೆದುರಿನಲ್ಲೇ ಅಂತ್ಯಸಂಸ್ಕಾರದ ನಾಟಕವಾಡಿದರು. ನಿಜವಾದ ದೇಹವನ್ನು ಕೊಯ್ದು ಎಲುಬುಗಳನ್ನು ಸಂಗ್ರಹಕ್ಕೆ ಸೇರಿಸಲಾಯಿತು. ಬೋವಾಸನ ಶಿಷ್ಯ ಆಲ್ಫ್ರೆಡ್ ಕ್ರೋಬರ್ 1899ರಲ್ಲಿ ಈ ಜನರ ಕುರಿತು ಪ್ರಬಂಧವೊಂದನ್ನು ಪ್ರಕಟಿಸಿದ. ಅವರು ಸತ್ತವರಿಗಾಗಿ ಹೇಗೆ ಶೋಕಿಸುತ್ತಾರೆಂಬ ವಿವರವೂ ಅದರಲ್ಲಿದೆ.

ಕೆಲವು ವರ್ಷಗಳ ಮೇಲೆ ಮಿನಿಕ್‌ನಿಗೆ ನಿಜ ತಿಳಿಯಿತು. ತಂದೆಯ ದೇಹವನ್ನು ಕೊಡಿರೆಂದು ಅವನು ಬೇಡಿದ್ದು 1907ರಲ್ಲಿ ಪತ್ರಿಕೆಗಳಲ್ಲೂ ಬಂದಿತು. ದೇಹ ದೊರೆಯಲಿಲ್ಲ.

ಬೋವಾಸನನ್ನು ಕ್ರೂರಿಯೆಂದು ತಳ್ಳಿಹಾಕಿದರೆ ನಮ್ಮ ಕೆಲಸ ಸುಲಭವಾಗುತ್ತಿತ್ತು. ಆದರೆ ಜನಾಂಗಗಳಲ್ಲಿ ಮೇಲು ಕೀಳುಗಳಿಲ್ಲವೆಂದು ವಿದ್ವತ್ತಿನ ಬಲದಿಂದ ಜೀವಮಾನವಿಡೀ ವಾದಿಸಿದವನು ಅವನೇ. ಅಂಥವನೂ ಆ ಹುಸಿ ಸಂಸ್ಕಾರದಲ್ಲಿ ತಪ್ಪೇನನ್ನೂ ಕಾಣಲಿಲ್ಲ. ಹುಡುಗನ ಮನಸ್ಸಿಗೆ ನೆಮ್ಮದಿಯಾಗಲೆಂದೇ ಹಾಗೆ ಮಾಡಿದ್ದೆಂದು ಸಮರ್ಥಿಸಿಕೊಂಡ. ಇಲ್ಲಿಯೇ ನಾವು ತುಸು ನಿಲ್ಲಬೇಕು. ದೇಹವನ್ನು ಇರಿಸಿಕೊಳ್ಳುವುದು ನ್ಯಾಯವೆಂದು ಅವರು ನಿಜವಾಗಿಯೂ ನಂಬಿದ್ದರೆ ದಿಮ್ಮಿಯನ್ನು ಹೂಳುವ ಅಗತ್ಯವೇನಿತ್ತು? ಆ ಮಗುವಿಗೆ ತಂದೆಯ ಮೇಲೆ ಹಕ್ಕಿದೆಯೆಂಬುದನ್ನು ಅವರ ಅಂತಃಕರಣ ಬಲ್ಲದಾಗಿತ್ತು. ಸುಳ್ಳೇ ಅದಕ್ಕೆ ಸಾಕ್ಷಿ. ಅರಿವಿಲ್ಲದೆ ಮಾಡಿದ ತಪ್ಪಿಗಿಂತ, ಅರಿತು ಮರೆಮಾಚಿದ ಈ ತಪ್ಪು ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ.

ಶವಕ್ಕೆ ನೋವಿಲ್ಲ, ವೈದ್ಯ ವಿದ್ಯಾರ್ಥಿಗಳೂ ಶವಗಳಿಂದಲೇ ಕಲಿಯುತ್ತಾರಲ್ಲವೇ ಎಂದು ಯಾರಾದರೂ ಕೇಳಬಹುದು. ನಿಜ. ನಮ್ಮಲ್ಲೂ ಅನೇಕರು ತಮ್ಮ ದೇಹವನ್ನು ವೈದ್ಯಕೀಯ ಕಾಲೇಜಿಗೆ ಬರೆದುಕೊಡುತ್ತಾರೆ. ಅದು ದಾನ, ಕೊಡುವವನ ಒಪ್ಪಿಗೆಯಿಂದ ನಡೆಯುವಂಥದು. ಕಿಸುಕ್ ಏನನ್ನೂ ಬರೆದುಕೊಡಲಿಲ್ಲ. ಧ್ರುವ ಸಂಶೋಧನೆಯನ್ನು ಹಳಿಯುವ ಮಾತೂ ಇದಲ್ಲ. ಅಂಟಾರ್ಕ್ಟಿಕದ ಹಿಮವನ್ನು ಮೂರು ಕಿಲೋಮೀಟರಿಗೂ ಆಳಕ್ಕೆ ಕೊರೆದು 8 ಲಕ್ಷ ವರ್ಷಗಳ ವಾಯುಗುಣವನ್ನು ಓದಿದ ವಿಜ್ಞಾನಿಗಳಿಗೆ ಇಡೀ ಲೋಕ ಋಣಿ. ಆದರೆ ಹಿಮಕ್ಕೆ ಮಗನಿಲ್ಲ. ಮನುಷ್ಯನನ್ನು ಅರಿಯಹೊರಟವನು ಹಿಮವನ್ನು ಕೊರೆಯುವ ಮನಸ್ಸಿನಿಂದಲೇ ಹೋದರೆ ಎಲುಬು ಸಿಕ್ಕೀತು, ಮನುಷ್ಯ ಸಿಕ್ಕುವುದಿಲ್ಲ. ಆ ಪ್ರಬಂಧ ಶೋಕದ ಪದ್ಧತಿಯನ್ನು ಬಣ್ಣಿಸಿತು. ಶೋಕಿಸುತ್ತಿದ್ದ ಹುಡುಗನಿಗೆ ಆದ ವಂಚನೆ ಸಂಶೋಧನೆಯ ವಿಷಯವೆಂದು ಯಾರಿಗೂ ತೋರಲಿಲ್ಲ.

ಮಿನಿಕ್ 1909ರಲ್ಲಿ ಗ್ರೀನ್‌ಲೆಂಡಿಗೆ ಹಿಂದಿರುಗಿದ. ತಾಯ್ನುಡಿ ಮರೆತುಹೋಗಿತ್ತು, ಬೇಟೆಯನ್ನೂ ಮೊದಲಿನಿಂದ ಕಲಿಯಬೇಕಾಯಿತು. ಅಲ್ಲಿಯೂ ನೆಲೆ ನಿಲ್ಲಲಾಗದೆ 1916ರಲ್ಲಿ ಮತ್ತೆ ಅಮೆರಿಕಕ್ಕೆ ಬಂದು, ಮರ ಕಡಿಯುವವರ ನಡುವೆ ದುಡಿಯುತ್ತ, 1918ರ ಇನ್‌ಫ್ಲುಯೆಂಜಾ ಪಿಡುಗಿನಲ್ಲಿ ಸತ್ತ. ಕಿಸುಕ್ ಮತ್ತು ಉಳಿದ ಮೂವರ ಎಲುಬುಗಳನ್ನು 1993ರಲ್ಲಿ ಗ್ರೀನ್‌ಲೆಂಡಿನ ಕಾನಾಕ್‌ಗೆ ಒಯ್ದು ಸಮಾಧಿ ಮಾಡಲಾಯಿತು. ಮಗನ ಗೋರಿ ನ್ಯೂ ಹ್ಯಾಂಪ್‌ಶೈರಿನಲ್ಲೇ ಉಳಿದಿದೆ. ಉಲ್ಕಾಶಿಲೆಯೂ ನ್ಯೂಯಾರ್ಕಿನ ಆ ಸಂಗ್ರಹಾಲಯದಲ್ಲೇ ಇದೆ. ಅದನ್ನು ಹೊತ್ತ ಕಂಬಗಳು ಕಟ್ಟಡದ ನೆಲವನ್ನು ದಾಟಿ ಕೆಳಗಿನ ಬಂಡೆಯವರೆಗೆ ಇಳಿದಿವೆ.