ಡ್ಯೂಟಿಯಲ್ಲಿ ಯಾರಿದ್ರು?

ಪ್ರೊಡಕ್ಷನ್‌ನಲ್ಲಿ ಏನಾದ್ರೂ ಕೆಟ್ಟರೆ ನಮ್ಮ ಮೊದಲ ಪ್ರಶ್ನೆ, ‘ಆಗ ಡ್ಯೂಟಿಯಲ್ಲಿ ಯಾರಿದ್ರು?’ ಈ ಪ್ರಶ್ನೆ ಎಷ್ಟು ಸಣ್ಣದು ಅಂತ ನನಗೆ ತೋರಿಸಿದ್ದು ಬ್ರಿಟಿಷ್ ನೌಕಾಪಡೆಯ ಒಂದು ಹಳೇ ಹಡಗು, ‘ಕೋಬ್ರಾ’.

ಯುದ್ಧನೌಕೆಗಳ ಮೇಲೆ ನುಗ್ಗಿ ಬರೋ ಪುಟ್ಟ ಟಾರ್ಪೆಡೊ ದೋಣಿಗಳನ್ನು ಅಟ್ಟಿಸಿಕೊಂಡು ಹೋಗಿ ಹೊಡೆಯಲು ಕಟ್ಟಿದ ಹಡಗುಗಳೇ ಡಿಸ್ಟ್ರಾಯರ್‌ಗಳು. ಅವಕ್ಕೆ ವೇಗವೇ ಜೀವ. ವೇಗ ಬೇಕಂದ್ರೆ ತೂಕ ಇಳಿಸಬೇಕು, ತೂಕ ಇಳಿಯಬೇಕಂದ್ರೆ ಉಕ್ಕು ತೆಳ್ಳಗಾಗಬೇಕು. ಆರ್ಮ್‌ಸ್ಟ್ರಾಂಗ್ ಕಂಪನಿ ಕಟ್ಟಿದ ಕೋಬ್ರಾದಲ್ಲಿ ಆಗ ಹೊಸದಾಗಿ ಬಂದಿದ್ದ ಉಗಿ ಟರ್ಬೈನ್ ಇತ್ತು. ಪರೀಕ್ಷೆಯ ಓಟದಲ್ಲಿ ಅದು 34 ನಾಟ್ ದಾಟಿತು, ಅಂದ್ರೆ ಗಂಟೆಗೆ ಸುಮಾರು 63 ಕಿ.ಮೀ.! ನೌಕಾಪಡೆ ಅದನ್ನು ಕೊಂಡುಕೊಂಡಿತು.

1901ರ ಸೆಪ್ಟೆಂಬರ್ 17ರಂದು ಟೈನ್ ನದಿಯಿಂದ ಪೋರ್ಟ್ಸ್‌ಮತ್ ಕಡೆ ಹೊರಟ ಹಡಗು, ಮರುದಿನ ಬೆಳಿಗ್ಗೆ ಉತ್ತರ ಸಮುದ್ರದ ಅಲೆಗಳಲ್ಲಿ ಎರಡು ತುಂಡಾಯಿತು. 79 ಜನರಲ್ಲಿ ಬದುಕಿದ್ದು 12.

ಹಡಗು ಹೋದರೆ ಬದುಕಿ ಬಂದವರನ್ನೇ ಕೋರ್ಟ್ ಮಾರ್ಷಲ್ ಮುಂದೆ ನಿಲ್ಲಿಸೋದು ಆಗ ಅಲ್ಲಿದ್ದ ಪದ್ಧತಿ. ಆದರೆ ಆ ಕೋರ್ಟು ನೇರವಾಗಿ ಹೇಳಿತು: ಹಡಗು ಯಾವುದಕ್ಕೂ ಬಡಿದಿಲ್ಲ, ನಡೆಸಿದವರ ತಪ್ಪೂ ಇಲ್ಲ, ಹಡಗಿನ ಮೈಯೇ ದುರ್ಬಲ. ಅದನ್ನು ಕೊಂಡಿದ್ದಕ್ಕೂ ವಿಷಾದ ವ್ಯಕ್ತಪಡಿಸಿತು.

ನಮ್ಮೂರಲ್ಲಿ ಗಾಡಿಯ ಅಚ್ಚು ಮುರಿದರೆ ಎತ್ತಿಗೆ ಬೈಯೋರನ್ನು ನೋಡಿದ್ದೀನಿ. ಆ ಕೋರ್ಟು ಎತ್ತನ್ನು ಬಿಟ್ಟು ಅಚ್ಚನ್ನು ನೋಡಿತು. ಹಾಗೆ ನೋಡೋದು ಕಷ್ಟ, ಯಾಕಂದ್ರೆ ಅಚ್ಚಿನ ತೀರ್ಮಾನ ಆಗಿರೋದು ಎಷ್ಟೋ ದಿನ ಮೊದಲು, ಅಲೆಯಿಲ್ಲದ ಕೋಣೆಯೊಂದರಲ್ಲಿ. ತೀರ್ಮಾನ ಮಾಡಿದವರು ಒಬ್ಬರು, ಅದರ ಭಾರ ಹೊತ್ತವರು ಇನ್ನೊಬ್ಬರು. ಕೆಟ್ಟ ಉದ್ದೇಶ ಇರಲಿಲ್ಲ ಅನ್ನೋದು ನಿಜ ಇರಬಹುದು. ಅಷ್ಟಕ್ಕೇ ಹೊಣೆ ಇಳಿಯುತ್ತಾ?

ಒಮ್ಮೆ ಲೋಡ್ ಟೆಸ್ಟ್ ಬಿಟ್ಟು, ‘ಡೆಮೊ ಚೆನ್ನಾಗಿ ಬಂತಲ್ಲ’ ಅಂತ ರಿಲೀಸ್‌ಗೆ ಒಪ್ಪಿಗೆ ಕೊಟ್ಟವನು ನಾನೇ. ಸಿಸ್ಟಮ್ ಬಿದ್ದಾಗ ರಾತ್ರಿ ಎರಡು ಗಂಟೆಗೆ ಬೈಸಿಕೊಂಡಿದ್ದು ಕೆಲಸಕ್ಕೆ ಸೇರಿ ಮೂರು ತಿಂಗಳಾಗಿದ್ದ ಹುಡುಗ. ಆ ಕಾಲ್‌ನಲ್ಲಿ ನಾನೂ ಇದ್ದೆ, ಮ್ಯೂಟ್ ಮಾಡ್ಕೊಂಡು.

ಕೋಬ್ರಾ ಹೋದ ಮೇಲೆ ನೌಕಾಪಡೆ ‘ವುಲ್ಫ್’ ಅನ್ನೋ ಇನ್ನೊಂದು ಡಿಸ್ಟ್ರಾಯರನ್ನು ಡ್ರೈ ಡಾಕ್‌ಗೆ ತಂದು ನೀರು ಖಾಲಿ ಮಾಡಿ ಪರೀಕ್ಷಿಸಿತು. ಒಮ್ಮೆ ನಡುವೆ ಮಾತ್ರ, ಇನ್ನೊಮ್ಮೆ ಎರಡು ತುದಿಗೆ ಮಾತ್ರ ಆಸರೆ ಕೊಟ್ಟು, ಮೈ ಎಷ್ಟು ಬಾಗುತ್ತೆ ಅಂತ ಅಳೆದರು. ವುಲ್ಫ್ ತಡೆದುಕೊಂಡಿತು. ಅಳತೆ ಸಿಕ್ಕಿತು, 67 ಜನ ಹೋದ ಮೇಲೆ.

ಆ ಹುಡುಗನಿಗೆ ನಾನಿನ್ನೂ ನಿಜ ಹೇಳಿಲ್ಲ. ಸೋಮವಾರ ಹೇಳ್ತೀನಿ, ಟೀಮ್ ಎದುರಿಗೇ.