ಹೆಸರು ಹೇಳಿದ ಗಾಯಕಿ

ದೊಡ್ಡಬಳ್ಳಾಪುರದ ಸಮೀಪದ ರಾಜಘಟ್ಟದಲ್ಲಿ 2001ರ ಉತ್ಖನನದಿಂದ ಬೌದ್ಧವಿಹಾರದ ಅವಶೇಷಗಳೂ ಹರಕೆಯ ಕಿರಿಯ ಮಣ್ಣಿನ ಸ್ತೂಪಗಳೂ ಬೆಳಕಿಗೆ ಬಂದುವು. ಅವನ್ನು ತಿದ್ದಿದ ಕೈಗಳ ಹೆಸರು ಉಳಿದಿಲ್ಲ, ಮಣ್ಣು ಉಳಿದಿದೆ. ಕೃತಿಯು ನಿಂತ ಮೇಲೆ ಕರ್ತೃವಿನ ನಾಮವೇತಕ್ಕೆಂದು ವಿರಕ್ತರು ಕೇಳುವುದುಂಟು. ದಾಸರೂ ಪದಾಂತ್ಯದಲ್ಲಿ ದೈವದ ಅಂಕಿತವನ್ನೇ ಇಟ್ಟರು. ಹಾಗಾದರೆ ಹಾಡಿದವಳು ತನ್ನ ಹೆಸರನ್ನು ತಾನೇ ಸಾರುವುದು ಅಹಂಕಾರವೆ?

ಗೌಹರ್ ಜಾನ್ ಹಾಗೆ ಸಾರಿದಳು. 1873ರಲ್ಲಿ ಆಜಂಗಢದಲ್ಲಿ ಹುಟ್ಟಿದಾಗ ಆಕೆಯ ಹೆಸರು ಏಂಜಲೀನಾ. ತಾಯಿ ಇಸ್ಲಾಂ ಮತವನ್ನು ಸ್ವೀಕರಿಸಿದ ಮೇಲೆ ಗೌಹರ್ ಆದಳು. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪೆನಿಗಾಗಿ ಹಾಡಿ, ಮೂರೇ ನಿಮಿಷಗಳಲ್ಲಿ ರಾಗವನ್ನು ಅಡಕಗೊಳಿಸಿ, ಕೊನೆಯಲ್ಲಿ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ನುಡಿದಳು. ತಟ್ಟೆಗಳನ್ನು ಒತ್ತುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಭಾಷೆಯರಿಯದ ಅಲ್ಲಿಯ ಕೆಲಸಗಾರರಿಗೆ ಹಾಡು ಯಾರದೆಂಬ ಗುರುತು ಬೇಕಾಗಿತ್ತು.

ಸಭೆಯಲ್ಲಿ ಗಾಯಕಿಯು ಕಣ್ಣೆದುರಿಗಿರುವಳು. ಹೆಸರು ಹೇಳುವ ಅಗತ್ಯವಿಲ್ಲ. ಮುಖವನ್ನು ಬಿಟ್ಟು ಹೊರಟ ಧ್ವನಿಗೆ ಮಾತ್ರ ಒಡತಿ ಯಾರೆಂದು ಹೇಳಬೇಕಾಗುತ್ತದೆ. ಮಣ್ಣಿನ ಸ್ತೂಪವು ನಾಮವಿಲ್ಲದೆ ಬಾಳೀತು; ಉಸಿರಿನೊಡನೆ ಮುಗಿಯುವ ನಾದವು ಹಾಗಲ್ಲ. ಮೇಲಾಗಿ, ಹಾಡನ್ನು ಆಲಿಸಿ ಹಾಡುವವಳನ್ನು ಹಳಿಯುತ್ತಿದ್ದ ಸಮಾಜದಲ್ಲಿ ಒಬ್ಬ ತವಾಯಫಳು ತನ್ನ ಹೆಸರನ್ನು ನಿಸ್ಸಂಕೋಚವಾಗಿ ಹೇಳಿದ್ದನ್ನು ಗರ್ವವೆನ್ನುವುದು ಅವಿಚಾರ. ಗುರು ಕಲಿಸಿದ್ದನ್ನು ತನ್ನದೆಂದರೆ ಅದು ಗರ್ವ. ತಾನು ಹಾಡಿದ್ದನ್ನು ತನ್ನದೆಂದರೆ ಸತ್ಯವಚನ.

1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಆಕೆಗೆ ಮೈಸೂರಿನಲ್ಲಿ ಆಸ್ಥಾನಾಶ್ರಯವನ್ನಿತ್ತರು. ಅದು ಎರಡು ವರ್ಷವೂ ತುಂಬಲಿಲ್ಲ. 1930ರ ಜನವರಿ 17ರಂದು ಅಲ್ಲಿಯೇ ತೀರಿಕೊಂಡಳು. ಹಳೆಯ ತಟ್ಟೆಯ ಮುಳ್ಳು ಕೊನೆಯ ಗೆರೆಯನ್ನು ಮುಟ್ಟಿದಾಗ ಆ ಹೆಸರು ಇಂದೂ ಕೇಳುತ್ತದೆ.