ಕಲ್ಲಿನ ಮೇಲೆ ಹೆಸರಿಲ್ಲದವರು

ಸಾವಿನ ಮುಂದೆ ಎಲ್ಲರೂ ಸಮಾನರು ಎಂದು ಹಿರಿಯರು ಹೇಳುತ್ತಾರೆ. ಸತ್ತ ಮೇಲೂ ಎಲ್ಲರೂ ಸಮಾನರೇ? ಕೋಲಾರದ ಚಿನ್ನದ ಗಣಿ ಊರಿನ ಹಳೆಯ ಬ್ರಿಟಿಷ್ ಸಮಾಧಿಗಳನ್ನು ನೋಡಿದ ಮೇಲೆ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಜಾನ್ ಟೇಲರ್ ಕಂಪನಿ ಇಲ್ಲಿಗೆ ಬಂದದ್ದು 1880ರಲ್ಲಿ. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ತವರ, ತಾಮ್ರದ ಗಣಿಗಳು ಸೊರಗುತ್ತಿದ್ದ ಕಾಲವದು. ಅಲ್ಲಿನ ಗಣಿಗಾರರು ಹೊಟ್ಟೆಪಾಡಿಗಾಗಿ ಹಡಗು ಹತ್ತಿ ಬಂದರು. ಕೆಲವರು ಮರಳಿ ಹೋಗಲೇ ಇಲ್ಲ. ಅಷ್ಟು ದೂರದ ಮಣ್ಣಿನಲ್ಲಿ ತನ್ನವರನ್ನು ಮಲಗಿಸಿದ ಹೆಣ್ಣಿನ ದುಃಖ ನಮ್ಮ ದುಃಖಕ್ಕಿಂತ ಬೇರೆಯೇನಲ್ಲ. ಅವಳ ಸಂಕಟವನ್ನು ಆ ಕಲ್ಲಾದರೂ ಹೇಳುತ್ತದೆ.

ಆದರೆ ಅದೇ ಸುರಂಗಗಳಿಗೆ ಅವರಿಗಿಂತ ಎಷ್ಟೋ ಪಾಲು ಹೆಚ್ಚು ಜನ ಇಳಿದಿದ್ದರು. ಉತ್ತರ ಆರ್ಕಾಟ್, ಚಿತ್ತೂರು ಕಡೆಯ ಬಡವರು, ಬಹುಪಾಲು ದಲಿತರು. ಚಾಂಪಿಯನ್ ರೀಫ್ ಗಣಿಯ ಆಳ ಕೊನೆಗೆ ಮೂರು ಕಿಲೋಮೀಟರ್ ದಾಟಿತು. ಬಂಡೆ ಸಿಡಿದು ಸತ್ತವರೆಷ್ಟೋ, ಕಲ್ಲಿನ ದೂಳು ಕುಡಿದು ಉಸಿರುಕಟ್ಟಿ ಸತ್ತವರೆಷ್ಟೋ. ಕೆತ್ತಿಸುವ ಶಕ್ತಿ ಇಲ್ಲದ ಮನೆಗಳಿಗೆ ಕಲ್ಲೆಲ್ಲಿಂದ ಬರಬೇಕು?

ಚಿನ್ನ ಹುಡುಕಿದ ಮೊದಲಿಗರಾದರೂ ಯಾರು? 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಬಹುಮಾನ ಸಾರಿದಾಗ, ಹಳ್ಳಿಗರು ಗಾಡಿಯಲ್ಲಿ ಮಣ್ಣು ತಂದು, ಅವನೆದುರೇ ತೊಳೆದು ಚಿನ್ನದ ಕಣ ತೋರಿಸಿದರು. ಚರಿತ್ರೆಯಲ್ಲಿ ಉಳಿದದ್ದು ವಾರನ್ನನ ಹೆಸರು.

ನಮಗೆ ಇದು ಹೊಸದಲ್ಲ. ನಮ್ಮ ಮನೆಯ ವಂಶವೃಕ್ಷದಲ್ಲಿ ಮುತ್ತಜ್ಜಿಯರ ಹೆಸರು ಹುಡುಕಿ ನೋಡಿ. ಮನೆ ಕಟ್ಟಿ ನಿಲ್ಲಿಸಿದವಳು ಅಲ್ಲಿ ಯಾರದೋ ಹೆಂಡತಿ, ಯಾರದೋ ತಾಯಿ, ಅಷ್ಟೆ.

ಹಾಗೆಂದು ಆ ಸಮಾಧಿಗಳನ್ನು ಹಾಳುಬಿಡಬೇಕೇ? ನನಗೆ ಹಾಗನ್ನಿಸುವುದಿಲ್ಲ. ಒಬ್ಬರ ಹೆಸರು ಅಳಿಸಿದರೆ ಇನ್ನೊಬ್ಬರ ಹೆಸರು ಮೂಡುವುದಿಲ್ಲ. ಹೆಸರಿಲ್ಲದವರ ಋಣ ತೀರಬೇಕಾದರೆ ಕೇಳಿ ಬರೆದಿಡುವ ಕೆಲಸ ಆಗಬೇಕು. 2001ರಲ್ಲಿ ಗಣಿ ಮುಚ್ಚಿತು. ಕಾರ್ಮಿಕರ ಸಾಲುಮನೆಗಳಲ್ಲಿ ಅವರ ಕುಟುಂಬಗಳು ಇನ್ನೂ ಇವೆ. ಗಂಡ ಯಾವ ಶಾಫ್ಟಿಗೆ ಇಳಿಯುತ್ತಿದ್ದ, ಮಾವ ಯಾವ ಪಾಳಿಯಲ್ಲಿ ಸತ್ತ ಎಂಬುದು ಅಲ್ಲಿನ ಅಜ್ಜಿಯರಿಗೆ ಗೊತ್ತು. ಅದನ್ನು ಬರೆದುಕೊಳ್ಳಲು ಒಂದು ನೋಟ್‌ಬುಕ್ ಸಾಕು. ಆ ಅಜ್ಜಿಯರು ಇರುವಾಗಲೇ ಕೇಳಬೇಕು, ಅಷ್ಟೆ.